ಹತ್ತು ಸಾವಿರ ಓಮಿನ ಡಬ್ಬಿ

ನಮ್ಮನೆಯವರು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಜನರನ್ನು ಮೇಲೆ ಕೆಳಗೆ ಮಾಡಿ ಬರುವವರಿಗೆ ಮನೆಯಲ್ಲಾದರೂ ಅಲುಗಾಡದ ವಸ್ತುವೊಂದು ಇರಲಿ ಅನಿಸಿತಂತೆ. ಹಿಂದಿನ ಕೋಣೆಯಲ್ಲಿ ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್ ಮಾಡಲು ಕೂತರು. ಅದರ ತಡೆ ಸರಿಯಾಗಿ ಹತ್ತು ಸಾವಿರ ಓಮ್ ಇರಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಮಿಕ್ಕ ಮೀಟರುಗಳೆಲ್ಲ ಅದರ ಮುಂದೆ ನಿಂತು ತಮ್ಮ ತಪ್ಪು ಒಪ್ಪಿಕೊಳ್ಳಬೇಕು.

ತಂತಿ ಸುತ್ತಿದರು. ಕಾಯಿಸಿದರು, ಆರಿಸಿದರು, ಮತ್ತೆ ಕಾಯಿಸಿದರು. ಹೀಗೆ ಪಳಗಿಸದಿದ್ದರೆ ತಂತಿ ತನ್ನ ಹಟ ಬಿಡುವುದಿಲ್ಲವಂತೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಈ ಮನೆಯಲ್ಲಿ ನಾನೂ ಹಾಗೇ ಪಳಗಿದ್ದು. ಆಮೇಲೆ ಅದನ್ನು ಎಣ್ಣೆ ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಮೀಟರು ಹತ್ತು ಸಾವಿರ ತೋರಿಸುವವರೆಗೆ ತಿದ್ದಿ, ಮುಚ್ಚಳಕ್ಕೆ ಬೆಸುಗೆ ಹಾಕಿದರು. ಅಷ್ಟು ಕಾಲವೂ ನಾನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆ. ಇವರ ಮುಖ ನೋಡಬೇಕೆಂದರೆ ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ನನ್ನ ತಂಗಿಗೆ ದಿನ ತುಂಬಿತು. ಅವಳ ಹೆರಿಗೆಗೆ ಹೋಗಲು ಬಟ್ಟೆ ಜೋಡಿಸಿಕೊಳ್ಳೋಣವೆಂದು ಎದ್ದು ಹೋದೆ. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಇವರು ಕರೆದರು. ಮೀಟರು ಹತ್ತು ಸಾವಿರಕ್ಕಿಂತ ಒಂದು ಚೂರು ಕೆಳಗೆ ಇಳಿದಿತ್ತು. ನಾನು ಬಂದು ಕೂತ ಮೇಲೆ ನಿಧಾನವಾಗಿ ಮೇಲೆ ಹತ್ತಿತು.

"ನೋಡೇ, ತಿದ್ದುವಾಗ ನೀನು ಇಲ್ಲೇ ಕೂತಿದ್ದೆ. ತಂತಿ ಬಿಸಿಯಾದಷ್ಟೂ ಓಮ್ ಏರುತ್ತೆ, ನಿನ್ನ ಮೈ ಬಿಸಿನೂ ಲೆಕ್ಕಕ್ಕೆ ಸೇರ್ಕೊಂಡ್ಬಿಟ್ಟಿದೆ. ನೀನು ಎದ್ರೆ ಇದು ಹತ್ತು ಸಾವಿರ ಅಲ್ಲ."

"ಮುಚ್ಚಳ ಬಿಚ್ಚಿ ಇನ್ನೊಂದ್ಸಲ ತಿದ್ದಿ."

"ಬಿಚ್ಚಿದ್ರೆ ಮೊದಲಿಂದ ಪಳಗಿಸ್ಬೇಕು. ನಿನ್ನ ತಂಗಿಗೆ ಸ್ವಲ್ಪ ತಡ್ಕೊಳ್ಳೋಕೆ ಹೇಳು."

ಮೈಯೆಲ್ಲ ಉರಿದುಹೋಯಿತು. ಇವರು ನನ್ನ ಮುಖ ನೋಡಲಿಲ್ಲ, ಮೀಟರು ನೋಡಿದರು.

"ಸಿಟ್ಟು ಮಾಡ್ಕೋಬೇಡ, ಜಾಸ್ತಿ ತೋರಿಸ್ತಿದೆ."

ಚೀಲ ಎತ್ತಿಕೊಂಡು ಹೊರಟೇಬಿಟ್ಟೆ. ಆದರೆ ಇವರಿಗೆ ಬೇಕಾದದ್ದು ನಾನೋ ನನ್ನ ಬಿಸಿಯೋ ಎಂಬ ಪ್ರಶ್ನೆ ಬಸ್ಸಿನ ದಾರಿಯುದ್ದಕ್ಕೂ ತಲೆ ಕೊರೆಯಿತು.

ತಂಗಿ ಹೆಣ್ಣು ಹೆತ್ತಳು. ಅವಳ ಬಾಣಂತನಕ್ಕೆ ಒಂದು ವ್ಯವಸ್ಥೆ ಮಾಡಿ ಮನೆಗೆ ಬಂದು ನೋಡಿದರೆ, ನನ್ನ ಕುರ್ಚಿಯಲ್ಲಿ ನನ್ನ ಸ್ವೆಟರ್ ಕೂತಿತ್ತು. ಒಳಗೆ ತಂತಿಯ ಬುಟ್ಟಿ, ಬುಟ್ಟಿಯೊಳಗೆ ಹಳೇ ಕಾಲದ ಬಲ್ಬು.

"ಸುಮ್ನೆ ಕೂತಿರೋ ಮನುಷ್ಯರ ಬಿಸಿ ನೂರು ವ್ಯಾಟ್ ಬಲ್ಬಿನಷ್ಟೇ ಅಂತೆ," ಎಂದರು, ಬೀಗುತ್ತ. "ನೀನು ಹೋದಾಗಿಂದ ಒಂದು ಅಂಕಿನೂ ಅಲ್ಲಾಡಿಲ್ಲ."

ನನಗೆ ಅಳು ಬಂತು. ತೋರಿಸಿಕೊಳ್ಳದೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೀಟರು ಏರತೊಡಗಿತು.

"ಇಬ್ರೂ ಇದ್ರೆ ಜಾಸ್ತಿ ಆಗುತ್ತೆ," ಇವರು ತಲೆ ಕೆರೆದುಕೊಂಡರು. "ಒಬ್ರು ಹೊರಗೆ ಹೋಗ್ಬೇಕು."

"ಯಾರು?"

ಯೋಚಿಸಿದರು. ಯೋಚಿಸುವಂಥದ್ದೇನಿತ್ತೋ ದೇವರೇ ಬಲ್ಲ. ಬಲ್ಬಿಗೆ ಸಿಟ್ಟಿಲ್ಲ, ತಂಗಿಯಿಲ್ಲ, ಕೂತಲ್ಲಿಂದ ಏಳುವುದಿಲ್ಲ. ಇವರು ಬೋರ್ಡಿನ ಹತ್ತಿರ ಹೋಗಿ ಸ್ವಿಚ್ ಆರಿಸಿದರು. ಬಲ್ಬು ತೆಗೆದಿಟ್ಟು, ಸ್ವೆಟರ್ ಕೊಡವಿ ನನ್ನ ಕೈಗೆ ಕೊಟ್ಟರು. ಅದಿನ್ನೂ ಬೆಚ್ಚಗಿತ್ತು.

"ಕೊನೇ ಅಂಕಿ ಕುಣಿಯುತ್ತೆ, ನೋಡ್ಕೊಳ್ಳಿ," ಎಂದೆ.

"ಕುಣೀಲಿ ಬಿಡು. ಬಲ್ಬಿನ ಹತ್ರ ಎಷ್ಟಂತ ಒಬ್ನೇ ಮಾತಾಡ್ಲಿ."

ನಾನು ಕುರ್ಚಿಗೆ ಬಂದು ಕೂತೆ. ಇವರು ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿದರು: "ಹತ್ತು ಸಾವಿರ ಓಮ್. ಹೆಂಡತಿ ಪಕ್ಕದಲ್ಲಿ ಕೂತಿದ್ದಾಗ."

ಮರುವಾರ ಪಕ್ಕದ ಬೀದಿಯ ರೇಡಿಯೋ ರಿಪೇರಿಯವರು ಬಂದು, ತಮ್ಮ ಮೀಟರು ಸರಿಯಿದೆಯೇ ಎಂದು ನೋಡಿಕೊಳ್ಳಲು ಡಬ್ಬಿಯನ್ನು ಎರಡು ದಿನದ ಮಟ್ಟಿಗೆ ಕೇಳಿದರು. ಇವರು ಡಬ್ಬಿ ತಿರುಗಿಸಿ ಚೀಟಿ ತೋರಿಸಿದರು.

"ಓದ್ಕೊಳ್ಳಿ. ಕೊಡೋಕಾಗಲ್ಲ."