ದರ್ಜಿಯ ಮೈಮೇಲಿನ ಹೊಲಿಗೆ

ದೇವರು ಮನುಷ್ಯನನ್ನು ಹೊಲಿದು ಕಳಿಸುವಾಗ ಎಲ್ಲೂ ದಾರದ ತುದಿ ಬಿಟ್ಟಿಲ್ಲ, ಹೊಕ್ಕುಳ ಹತ್ತಿರ ಮಾತ್ರ ಒಂದು ಗಂಟು ಹಾಕಿ ಒಳಗೆ ತಳ್ಳಿದ್ದಾನೆ ಎಂದು ನಮ್ಮ ದರ್ಜಿ ಹೇಳುತ್ತಿದ್ದ. ಅವನ ದೈವಭಕ್ತಿಯೆಲ್ಲ ಆ ಒಂದು ಮಾತಿನಲ್ಲಿತ್ತು. ಹೊಲಿದ ಅಂಗಿಯನ್ನು ಗಿರಾಕಿಗೆ ಕೊಡುವ ಮುಂಚೆ ಬೆಳಕಿಗೆ ಹಿಡಿದು, ತೋಳು, ಕಂಕುಳು, ಕಾಲರು ಎಲ್ಲ ತಿರುವಿ ನೋಡಿ, ಮಿಕ್ಕ ದಾರಗಳನ್ನು ಪುಟ್ಟ ಕತ್ತರಿಯಿಂದ ತೆಗೆದುಬಿಡುತ್ತಿದ್ದ. ದಾರ ಜೋತಾಡುವ ಬಟ್ಟೆ ದಾರಿಹೋಕನ ಮೈಮೇಲೆ ಕಂಡರೂ ಅವನ ಬೆರಳು ತುರಿಸುತ್ತಿದ್ದವು.

ಅವನಿಗೆ ಇನ್ನೊಂದು ಗುಣವಿತ್ತು. ಗುಣ ಎನ್ನಬೇಕೋ ಚಾಳಿ ಎನ್ನಬೇಕೋ, ಅಳತೆ ತೆಗೆದದ್ದನ್ನು ಬೀದಿಗೆ ಕೇಳುವಂತೆ ಹೇಳುವುದು.

"ಹೆಡ್ಮಾಸ್ತರೇ, ಹೋದ ಸಲ ಸೊಂಟ ಇದ್ದ ಜಾಗದಲ್ಲಿ ಈಗ ಹೊಟ್ಟೆ ಬಂದು ಕೂತಿದೆಯಲ್ಲ. ಬಾಡಿಗೆ ಗೀಡಿಗೆ ಏನಾದ್ರೂ ಕೊಡುತ್ತಾ ಇಲ್ಲಾ ಹೀಗೇನಾ?"

ಬೆಂಚಿನ ಮೇಲೆ ಕಾದು ಕೂತವರೆಲ್ಲ ನಗುತ್ತಿದ್ದರು, ತಂತಮ್ಮ ಸರದಿ ಬರುವವರೆಗೆ.

ಇಂಥವನಿಗೆ ಸಕ್ಕರೆ ಕಾಯಿಲೆ ಬಂತು. ಸಕ್ಕರೆ ಯಾವ ಮೂಲೆಯಲ್ಲಿ ತಂಟೆ ತೆಗೆಯುತ್ತದೆಂದು ಹೇಳಲಾಗದು. ಇವನಿಗೆ ಯಾರೆದುರೂ ಹೇಳಲಾಗದ ಮೂಲೆಯಲ್ಲೇ ತೆಗೆಯಿತು. ಮುಂದೊಗಲು ಬಿಗಿದು, ಬಿರಿದು, ಮೂತ್ರಕ್ಕೆ ಹೋಗುವುದೇ ಒಂದು ಕಠಿಣ ತಪಸ್ಸಾಯಿತು. ಹೆಂಡತಿ ಬಚ್ಚಲ ಬಾಗಿಲಲ್ಲಿ ಅವನ ನರಳಾಟ ಕೇಳೀ ಕೇಳೀ ಸಾಕಾಗಿ, ಒಂದು ದಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆ ಚರ್ಮವನ್ನು ತೆಗೆಯಲೇಬೇಕು, ಸುನ್ನತಿಯೇ ದಾರಿ ಎಂದರು ಡಾಕ್ಟರು. ಕೆಲವರ ಪಾಲಿಗೆ ಹುಡುಗತನದಲ್ಲೇ ಧರ್ಮದ ಹೆಸರಲ್ಲಿ ಮುಗಿದುಹೋಗುವ ಕೆಲಸ ಇವನಿಗಾಗಿ ಮೀಸೆ ನರೆಯುವವರೆಗೆ ಕಾದಿತ್ತು.

ಕೆಲಸವೇನೋ ಚೊಕ್ಕವಾಗಿ ಆಯಿತು. ಮನೆಗೆ ಕಳಿಸುವಾಗ ನರ್ಸಮ್ಮ ಪಾಠ ಹೇಳಿದಳು.

"ಪಟ್ಟಿ ಒದ್ದೆ ಮಾಡಬೇಡಿ. ಪಟ್ಟಿ ತೆಗೆದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಮೆಲ್ಲಗೆ ಒತ್ತಿ ಒರೆಸಿ, ಉಜ್ಜಬೇಡಿ. ಕೊಟ್ಟಿರೋ ಮುಲಾಮು ಬಿಟ್ಟು ಬೇರೇನೂ ಹಚ್ಚಬೇಡಿ. ಮಲಗೋ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ, ಇಲ್ಲಾಂದ್ರೆ ಬೆಳಗಿನ ಜಾವ ಬಿಗಿತ ಬಂದು ಹೊಲಿಗೆ ಜಗ್ಗುತ್ತೆ. ಊತ ಇದ್ದೇ ಇರುತ್ತೆ, ಗಾಬರಿ ಬೇಡ. ಹೊಲಿಗೆ ದಾರ ತಾನಾಗೇ ಕರಗಿ ಬಿದ್ದುಹೋಗುತ್ತೆ, ಅದನ್ನ ಮಾತ್ರ ಮುಟ್ಟಬೇಡಿ."

"ಕರಗೋ ದಾರಾನಾ?" ಎಂದ ದರ್ಜಿ, ನೋವನ್ನೂ ಮರೆತು. "ನಾನು ಹಾಗೆ ಹೊಲಿದಿದ್ರೆ ಇಷ್ಟೊತ್ತಿಗೆ ಊರಿಗೂರೇ ಬೆತ್ತಲೆ ನಿಂತಿರೋದು."

ತೊಡೆಯಲ್ಲಿ ಕುರು ಎದ್ದಿತ್ತು, ಕುಯ್ಯಿಸಿಕೊಂಡೆ ಎಂದು ಎಲ್ಲರಿಗೂ ಹೇಳಿದ. ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಊರವರ ಅಳತೆಯನ್ನೆಲ್ಲ ಸಾರಿದವನ ಸುದ್ದಿಯನ್ನು ಊರು ಸಾರಲು ಹೊರಟರೆ ಅಂಗಡಿಯ ಬಾಗಿಲು ಎಳೆದುಕೊಂಡು ದೇಶಾಂತರ ಹೋಗಬೇಕಾದೀತು ಎಂಬುದೊಂದೇ ಅವನ ಭಯ. ಗಾಯ ವಾಸಿಯಾಗಲಿ ಎಂದು ದೇವರಲ್ಲಿ ಬೇಡಿಕೊಂಡದ್ದಕ್ಕಿಂತ ಗುಟ್ಟು ಉಳಿಯಲಿ ಎಂದು ಬೇಡಿಕೊಂಡದ್ದೇ ಹೆಚ್ಚು.

ಕುರುವಿನ ಸುದ್ದಿ ಕೇಳಿ ಅವನ ಅಕ್ಕ ಬಂದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬರುವಾಗಲೇ ಬಟ್ಟಲ ತುಂಬ ಯಾವುದೋ ಸೊಪ್ಪು ಅರೆದು ತಂದಿದ್ದಳು.

"ಎಲ್ಲಿ, ತೋರಿಸು ಕುರು."

"ಬೇಡಕ್ಕಾ, ಆರ್ತಾ ಇದೆ."

"ಆರ್ತಾ ಇರೋದನ್ನ ತೋರಿಸೋಕೆ ಏನು ಕಷ್ಟ? ಚಿಕ್ಕೋನಿದ್ದಾಗ ನಿನ್ನನ್ನ ತೊಳೆದು ಒರೆಸಿದ್ದು ಯಾರು?"

"ಆಗಿನ ಮಾತು ಬೇರೆ."

"ಏನೋ ಬೇರೆ? ಹಳೇದನ್ನ ಕೊಟ್ಟು ಹೊಸದು ತಂದಿದೀಯಾ?"

ಅಡುಗೆಮನೆಯಲ್ಲಿ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು. ಆಮೇಲೆ ಹೊರಗೆ ಬಂದು, ಮುಖ ಗಂಭೀರ ಮಾಡಿಕೊಂಡು, "ಗಾಳಿ ಸೋಕಬಾರ್ದು ಅಂದಿದಾರೆ ಅತ್ತಿಗೆ" ಎಂದಳು.

"ಗಾಳಿ ಸೋಕದೆ ಆರೋ ಗಾಯ ನಾನು ಕಂಡಿಲ್ಲಮ್ಮ" ಎಂದು ಅಕ್ಕ ಬೀದಿಗೆ ಹೋದಳು. ಸಂಜೆಯೊಳಗೆ ಬೀದಿಯ ಬುದ್ಧಿಯೆಲ್ಲ ದರ್ಜಿಯ ತಲೆದಿಂಬಿನ ಬಳಿ ಬಂದು ಸೇರಿತು: ಒಬ್ಬರ ಬೂದಿ, ಇನ್ನೊಬ್ಬರ ಎಣ್ಣೆ, ಮತ್ತೊಬ್ಬರ ಕರಿಯ ಲೇಪ. ಕುರುವನ್ನು ಕಂಡವರು ಯಾರೂ ಇಲ್ಲ, ಔಷಧ ಗೊತ್ತಿಲ್ಲದವರೂ ಯಾರೂ ಇಲ್ಲ. ಲೋಕದಲ್ಲಿ ಎಷ್ಟೋ ವಾದಗಳು ನಡೆಯುವುದು ಹೀಗೆಯೇ.

ಇದೆಲ್ಲವನ್ನೂ ದರ್ಜಿ ಗೆದ್ದ. ಲೇಪ ಹಚ್ಚಲಿಲ್ಲ, ನರ್ಸಮ್ಮನ ಮಾತು ಮೀರಲಿಲ್ಲ. ಊತ ಇಳಿಯುತ್ತ ಬಂತು. ಮನುಷ್ಯ ಬೀಳುವುದು ಪರರ ಅಜ್ಞಾನದಿಂದಲ್ಲ, ತನ್ನ ಜಾಣತನದಿಂದ.

ಒಂದು ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅಕ್ಕ ಅಡುಗೆಮನೆಯಲ್ಲಿದ್ದಳು. ದರ್ಜಿ ಬಚ್ಚಲಲ್ಲಿ ಗಾಯ ತೊಳೆದು, ಒತ್ತಿ ಒರೆಸಿ, ಮುಲಾಮಿಗೆ ಕೈ ಚಾಚಿದವನು ಹಾಗೇ ನಿಂತ. ಮೇಲಿನ ಕಿಂಡಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು. ಆ ಬೆಳಕಿನಲ್ಲಿ ಹೊಲಿಗೆಯ ಸುತ್ತ ದಾರದ ತುದಿಗಳು ಬೆಕ್ಕಿನ ಮೀಸೆಯಂತೆ ನಿಗುರಿದ್ದವು. ಒಂದಂತೂ ಉದ್ದಕ್ಕೆ ಜೋತಾಡುತ್ತಿತ್ತು. ಮುಟ್ಟಬಾರದು ಎಂದುಕೊಂಡ. ಹೊರಗೆ ಬಂದ. ಕೋಣೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದ. ಆಮೇಲೆ ಪುಟ್ಟ ಕತ್ತರಿಯನ್ನು ಬಿಸಿನೀರಲ್ಲಿ ಅದ್ದಿಕೊಂಡು ಒಳಗೆ ಹೋದ. ಶುಚಿಯಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ.

ಮೊದಲ ತುದಿ ಸಲೀಸಾಗಿ ಹೋಯಿತು. ಎರಡನೆಯದು ಗಂಟಿಗೆ ಸಿಕ್ಕಿಕೊಂಡಿತು. ಗಂಟಿಗೆ ಸಿಕ್ಕ ದಾರವನ್ನು ಜೀವಮಾನವೆಲ್ಲ ಏನು ಮಾಡಿದ್ದನೋ ಅದನ್ನೇ ಕೈ ಮಾಡಿತು. ಎಳೆಯಿತು.

ಬಟ್ಟೆಯಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಇಲ್ಲಿ ಗಂಟು ಬಂತು, ಅಂಚು ಬಿಚ್ಚಿತು, ಹಿಂದೆಯೇ ನೆತ್ತರು ಬಂತು. ಗಾಜ್ ಬಟ್ಟೆಯಿಂದ ಒತ್ತಿ ಹಿಡಿದ. ನಿಂತಿತೇ ಎಂದು ತೆಗೆದು ನೋಡಿದ, ನಿಂತಿರಲಿಲ್ಲ. ಮತ್ತೆ ಒತ್ತಿದ, ಮತ್ತೆ ನೋಡಿದ. ಗಾಜ್ ಕೆಂಪಾಯಿತು.

"ಏನೋ ಅದು, ಇಷ್ಟು ಹೊತ್ತು?" ಎಂದಳು ಅಕ್ಕ ಬಾಗಿಲ ಹೊರಗಿನಿಂದ.

ದರ್ಜಿ ಕಣ್ಣು ಮುಚ್ಚಿದ. ಒಂದು ಕಡೆ ಮಾನ, ಇನ್ನೊಂದು ಕಡೆ ಪ್ರಾಣ. ಎರಡೂ ಒಂದೇ ಜಾಗದಿಂದ ಸೋರುತ್ತಿದ್ದವು.

"ಅಕ್ಕಾ, ಅದು ಕುರು ಅಲ್ಲ."

"ಮತ್ತೆ?"

ಹೇಳಿದ. ನಗುತ್ತಾಳೆಂದು ಅವನು ಮೈ ಹಿಡಿ ಮಾಡಿಕೊಂಡು ಕೂತ.

"ಗಟ್ಟಿಯಾಗಿ ಒತ್ತಿ ಹಿಡ್ಕೋ" ಎಂದಳು ಅಕ್ಕ, ಮೆಲ್ಲಗೆ. "ಅನ್ನ ಬೆಂತಾ ಅಂತ ಮುಚ್ಚಳ ತೆಗೆದು ತೆಗೆದು ನೋಡೋ ಹಾಗೆ ನೋಡಬೇಡ. ನಾನು ಆಟೋ ಕರೀತೀನಿ."

ಆಸ್ಪತ್ರೆಯಲ್ಲಿ ಪರದೆ ಎಳೆದು ನರ್ಸಮ್ಮ ಗಾಯ ನೋಡಿದಳು.

"ಯಾರು ಕಿತ್ತಿದ್ದು ಇದನ್ನ?"

"ನಾನೇ ಸಿಸ್ಟರ್. ದಾರ ಜೋತಾಡ್ತಾ ಇತ್ತು."

"ನಿಮ್ಮ ಅಂಗಡಿಗೆ ಬಂದು ನಾನು ಯಾವತ್ತಾದ್ರೂ ಇಂಜೆಕ್ಷನ್ ಕೊಟ್ಟಿದೀನಾ?"

ಡಾಕ್ಟರು ಮರಗಟ್ಟುವ ಮದ್ದು ಚುಚ್ಚಿ ಹೊಲಿಯತೊಡಗಿದರು. ಪರದೆಯಾಚೆ ಕಾಯುವವರ ಸಾಲು. ಅಲ್ಲಿಂದ ಒಂದು ದನಿ ಬಂತು, ದರ್ಜಿಗೆ ಚೆನ್ನಾಗಿ ಗೊತ್ತಿದ್ದ ದನಿ. ಸಕ್ಕರೆ ಪರೀಕ್ಷೆಗೆಂದು ಬಂದಿದ್ದ ಹೆಡ್ಮಾಸ್ತರು.

"ಏನಕ್ಕಾ, ತಮ್ಮನ ಕುರು ಒಡೀತಾ?"

ಅಕ್ಕನ ಬಾಯಿಗೆ ಒಂದು ಒಳ್ಳೆಯ ಸುಳ್ಳು ಕೊಡಪ್ಪಾ ಎಂದು ದರ್ಜಿ ಬೇಡಿಕೊಂಡ. ದೇವರು ಇಂಥ ಮೊರೆಗಳನ್ನು ಕೇಳದೆ ಇರುವುದಿಲ್ಲ. ಕೇಳಿ ಪಕ್ಕಕ್ಕೆ ಇಡುತ್ತಾನೆ.

"ಯಾವ ಕುರು ಮಾಸ್ತರೇ" ಎಂದಳು ಅಕ್ಕ, ಹಿತ್ತಲಿಂದ ಪಕ್ಕದ ಮನೆಯವರನ್ನು ಕೂಗುವ ದನಿಯಲ್ಲಿ. "ಸಕ್ಕರೆ ಬಂದು ಮುಂದಿನ ಚರ್ಮ ಬಿಗಿದುಹೋಗಿತ್ತಂತೆ, ತೆಗೆಸಿದ. ಚೆನ್ನಾಗೇ ಆರ್ತಿತ್ತು. ಹೊಲಿಗೆ ಸರಿಯಿಲ್ಲ ಅಂತ ತಾನೇ ಬಿಚ್ಚಿಕೊಂಡ. ಹುಟ್ಟುಗುಣ, ಏನು ಮಾಡೋದು?"

ಮದ್ದು ಚುಚ್ಚಿದ ಜಾಗ ಬಿಟ್ಟು ದರ್ಜಿಯ ಮೈಯೆಲ್ಲ ಉರಿಯಿತು. ನಗು ಈಗ ಬರುತ್ತದೆ, ಇನ್ನೇನು ಬಂತು ಎಂದು ಕಿವಿಗೊಟ್ಟ. ಕೆಮ್ಮು ಬಂತು. ಕುರ್ಚಿ ಸರಿದ ಸದ್ದು ಬಂತು. ನಗು ಬರಲಿಲ್ಲ.

ಕಾಲು ಅಗಲಿಸಿಕೊಂಡು, ತಲೆ ತಗ್ಗಿಸಿ ಅವನು ಹೊರಗೆ ಬಂದಾಗ ಸಾಲಿನಲ್ಲಿದ್ದವರೆಲ್ಲ ಗೋಡೆ ನೋಡುತ್ತಿದ್ದರು. ಅಕ್ಕ ಮಾತ್ರೆ ತರಲು ಹೋಗಿದ್ದಳು. ಹೆಡ್ಮಾಸ್ತರು ಸರಿದು ಜಾಗ ಮಾಡಿಕೊಟ್ಟರು. ಮುಖ ಆಚೆ ತಿರುಗಿಸಿಯೇ ಕೇಳಿದರು.

"ಕುಯ್ಯೋವಾಗ ತುಂಬಾ ನೋವಾಗುತ್ತಾ? ನನಗಲ್ಲ. ನಮ್ಮ ಸೋದರಳಿಯ ಒಬ್ಬನಿದ್ದಾನೆ."

ದರ್ಜಿ ಅವರ ಮುಖ ನೋಡಿದ. ಹೇಳಬಹುದಾಗಿದ್ದ ತಮಾಷೆಗಳು ನಾಲಿಗೆಯ ತುದಿಗೆ ಬಂದವು; ಅವನ್ನು ಉಗುಳಿನ ಜೊತೆ ನುಂಗಿಕೊಂಡ.

"ಕುಯ್ಯೋವಾಗ ಗೊತ್ತಾಗಲ್ಲ ಮಾಸ್ತರೇ. ಆಮೇಲೆ ಒಂದಷ್ಟು ದಿನ ಇರುತ್ತೆ. ಸಡಿಲ ಬಟ್ಟೆ ಹಾಕ್ಕೋಬೇಕು. ಮಲಗೋ ಮುಂಚೆ ಮೂತ್ರಕ್ಕೆ ಹೋಗಿ ಬರಬೇಕು."

ಹೆಡ್ಮಾಸ್ತರ ಆಚೆ ಪಕ್ಕ ಕೂತಿದ್ದವನು ಸ್ವಲ್ಪ ಈಚೆಗೆ ವಾಲಿದ.

"ಜೋರಾಗಿ ಹೇಳಣ್ಣಾ" ಎಂದ. "ನನಗೂ ಒಬ್ಬ ಸೋದರಳಿಯ ಇದ್ದಾನೆ."