ಮಂಟಪದ ಜೊತೆ ರಂಗೋಲಿ ಮೋಫತ್

ಕಣ್ಣಿಲ್ಲದ ಅಜ್ಜ ನೆಲದ ಮೇಲೆ ಮಲಗಿದ್ದ.

ಸಾಂಗಲಿಯ ವಿಶ್ರಾಮಬಾಗದ ಮಂಗಲ ಕಾರ್ಯಾಲಯದೊಳಗೆ ಕಾಲಿಟ್ಟ ಬಾಳಪ್ಪನಿಗೆ ಮೊದಲು ಕಂಡದ್ದು ಅದೇ. ರಂಗೋಲಿಯಲ್ಲಿ ಬರೆದ ಅಜ್ಜನ ರುಮಾಲು ಸರಿ, ಹಣೆಯ ವಿಭೂತಿ ಸರಿ, ಮೀಸೆಯ ಒಂದೊಂದು ಕೂದಲೂ ಸರಿ. ಕಣ್ಣಿರಬೇಕಾದಲ್ಲಿ ಮಾತ್ರ ಬರೀ ಫರಶಿ ಕಲ್ಲು. ಬೀಗರು ಬರುವ ಹೊತ್ತಾಗಿತ್ತು.

ಬರೆಯಬೇಕಾದವಳು ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಕುಪವಾಡದ ಶುಭಾಂಗಿ. ಮಿರಜಿನ ಬಾಳಪ್ಪ ಮದುವೆಗಳಿಗೆ ಮಂಟಪ ಕಟ್ಟಿಸುವವನು. ಅವನು ಎಲ್ಲಿ ಮಂಟಪ ಹಾಕಿದರೂ ಅಲ್ಲಿ ರಂಗೋಲಿ ಇವಳದೇ.

"ಶುಭಾಂಗಿ, ಅಜ್ಜಾಗ ಕಣ್ಣ ಯಾವಾಗ ಬರ್ತಾವ?"

"ಕಣ್ಣ ಕಡೀಕ ಬರೀತಾರ, ಕಾಕಾ. ಗಣಪತಿ ಮಾಡವ್ರೂ ಹಂಗ."

"ನಂಗ ಕಲಿಸಬ್ಯಾಡ. ಕಡೀದು ಈಗ ಬಂತಲ್ಲ, ಏಳು."

"ಮೊದಲ ನನ್ನ ದರದ ಮಾತಾಗ್ಲಿ. ಹೂವಿನವ್ರಿಗೆ ದರ ಐತಿ, ಲೈಟಿನವ್ರಿಗೆ ದರ ಐತಿ. ನಂಗಷ್ಟ ನಿಮ್ಮ ಖುಷಿಗೆ ಬಂದದ್ದು. ಕಾಕಾ, ನೀವು ಖುಷಿ ಇರೂದರ ಯಾವಾಗ?"

ಪರದೆ ಕಟ್ಟುತ್ತಿದ್ದ ಆಳುಗಳು ಮುಖ ತಿರುವಿ ನಕ್ಕರು. ಬಾಳಪ್ಪನ ನೆತ್ತಿಗೆ ಬೆಂಕಿ ಹತ್ತಿತು. ಆ ಸಿಟ್ಟನ್ನು ಹೊತ್ತುಕೊಂಡೇ ಅವನು ಮದುಮಗಳ ತಂದೆಯನ್ನು ಹುಡುಕಿ ಹೊರಟ.

ಕಿಶೋರ ಸಾಂಗಲಿ ಪೇಟೆಯ ಸೀರೆ ವ್ಯಾಪಾರಿ. ತೀರಿಹೋದ ಅಪ್ಪನ ಮುಖ ಮೊಮ್ಮಗಳ ಮದುವೆಯಲ್ಲಿ ಬಾಗಿಲಲ್ಲೇ ಇರಬೇಕು ಎಂದು ಹಟ ಹಿಡಿದವನು ಅವನೇ.

"ಶೇಠ, ಮುಖ ಬರಿಯೂದಕ್ಕ ಬ್ಯಾರೆ ರೊಕ್ಕಾ ಆಗ್ತೈತಿ."

"ಛೇ ಛೇ, ಬಾಳಪ್ಪಣ್ಣಾ! ಆ ಹುಡುಗಿನ್ನ ಸ್ಟೇಜಿಗೆ ಕರದು ಶಾಲು ಹೊಚ್ಚಿ, ಕಾಯಿ ಕೊಟ್ಟು ಸತ್ಕಾರ ಮಾಡ್ತೀವ್ರಿ. ಕಲಾವಿದರಿಗೆ ಮಾನ ದೊಡ್ಡದು."

"ನಾಳೆ ನಿಮ್ಮ ಅಂಗಡಿಗೆ ಬಂದು ಸೀರಿ ತಗೊಂಡು ನಿಮ್ಮ ಕೊರಳಿಗೆ ಹಾರ ಹಾಕಿ ಹೋಗ್ತೇನಿ. ನಡೀತೈತೇನು?"

ಕಿಶೋರನ ನಗು ಸಣ್ಣಗಾಯಿತು. "ಸೀರಿ ಉಳಿತೈತ್ರಿ. ಇದು ನಾಳೆ ಮುಂಜಾನೆ ಕಸಬರಿಗಿ ಪಾಲು."

"ನಿಮ್ಮ ಜಿಲೇಬಿ ನಾಳಿಗೆ ಉಳಿತೈತೇನು? ಅಡಗಿಯವಗ ರೊಕ್ಕಾ ಕೊಡ್ತೀರೋ, ಶಾಲು ಹೊಚ್ಚತೀರೋ?"

ಕಿಶೋರ ಜಗಳಾಡಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದ. ಮಿರಜಿನಲ್ಲಿರುವ ಬಾಳಪ್ಪನ ಅಂಗಡಿಯ ಬೋರ್ಡು. ಹೆಸರಿನ ಕೆಳಗೆ ಕೆಂಪು ಮರಾಠಿ ಅಕ್ಷರಗಳಲ್ಲಿ: ಮಂಟಪದ ಜೊತೆ ರಂಗೋಲಿ ಮೋಫತ್.

"ಇದು ನಾನು ಬರಸಿದ್ದೇನ್ರಿ?"

ಬರೆಸಿದವನು ಬಾಳಪ್ಪನೇ. ಎದುರು ಬದಿಯಲ್ಲಿ ಇನ್ನೊಬ್ಬ ಮಂಟಪದವನು ಅಂಗಡಿ ತೆರೆದಾಗ, ಅವನ ಹೊಟ್ಟೆ ಉರಿಸಬೇಕೆಂದು ಬರೆಸಿದ ಸಾಲು ಅದು. ಗಿರಾಕಿಗಳು ಬಂದರು. ಮೋಫತ್, ಪುಕ್ಕಟೆ ಎಂದು ಬರೆದ ಮೇಲೆ ಅದಕ್ಕೊಂದು ದರ ಉಂಟೆಂಬುದನ್ನು ಊರು ಮರೆಯಿತು. ಊರಿಗಿಂತ ಮೊದಲು ಅವನೇ ಮರೆತಿದ್ದ.

"ಇಲ್ಲಂದ್ರ ಹಂಗ ಇರ್ಲಿ ಬಿಡ್ರಿ," ಎಂದು ಕಿಶೋರನ ಹಿರಿಯ ಅಳಿಯ ನಡುವೆ ಬಾಯಿ ಹಾಕಿದ. "ಅಜ್ಜನ ಕಣ್ಣಿಗೆ ಮೋತಿಬಿಂದುದ ಪೊರಿ ಬಂದಿತ್ತು ಅಂತ ಬೀಗರಿಗೆ ಹೇಳೋಣು."

ಬಾಳಪ್ಪ ಅವನನ್ನು ಸುಡುವಂತೆ ನೋಡಿ ಮೆಟ್ಟಿಲಿಗೆ ವಾಪಸು ಬಂದ.

"ಹೇಳು. ಎಷ್ಟು ನಿನ್ನ ದರ?"

"ಹೂವಿನವ್ರಿಗೆ ಎಷ್ಟೋ ಅಷ್ಟು."

ಈ ಮದುವೆಯಲ್ಲಿ ಅವನಿಗೆ ಉಳಿಯಬೇಕಾಗಿದ್ದ ಲಾಭವೂ ಅಷ್ಟೇ. "ಏ, ಅವ್ರು ಹೂವು ರೊಕ್ಕಾ ಕೊಟ್ಟು ತರ್ತಾರ. ನಿಂದೇನು, ಒಂದೀಟು ಪುಡಿ. ನಾಳೆ ಮುಂಜಾನೆ..."

ಅಲ್ಲಿಗೆ ಅವನ ನಾಲಿಗೆ ನಿಂತಿತು. ಹೊರಬರುತ್ತಿದ್ದುದು ಕಿಶೋರನ ಮಾತು. ಶುಭಾಂಗಿ ಕಪ್ಪಿನ ತಳದ ಚಹಾ ನೋಡುತ್ತ ಕುಳಿತಳು. ರಸ್ತೆಯಲ್ಲಿ ಬೀಗರ ಗಾಡಿಗಳು ಹಾರ್ನು ಹೊಡೆದವು.

"ಆತು," ಎಂದ ಬಾಳಪ್ಪ.

"ಇವತ್ತಿಂದಷ್ಟ ಅಲ್ಲ, ಕಾಕಾ. ಮುಂದೂ. ಇಲ್ಲಂದ್ರ ಇದ ಕಡೀದು, ನಾ ಮತ್ತ ಬರೂದಿಲ್ಲ."

"ಆತು ಅಂದ್ನೆಲ್ಲ! ಏಳು ಇನ್ನ!"

"ಹಂಗ ಚೀರಬ್ಯಾಡ್ರಿ. ಕೈ ನಡಗ್ತೈತಿ."

ಅವಳು ಅಜ್ಜನ ಮುಖದ ಮೇಲೆ ಬಾಗಿದಳು. ಚಿಟಿಕೆಯಿಂದ ಕರಿಪುಡಿ ಸಣ್ಣಗೆ ಇಳಿಯಿತು, ಮೇಲೆ ಒಂದು ಬಿಳಿ ಚುಕ್ಕೆ. ಅಜ್ಜ ಕಣ್ಣು ಬಿಟ್ಟ. ಕಿಶೋರನ ತಾಯಿ ಗುರುಶಾಂತವ್ವ ಬೀಗರಿಗೆ ನೀರಿನ ತಂಬಿಗೆ ಹಿಡಿದು ಬಂದವಳು ಗಂಡನ ಮುಂದೆ ಥಟ್ಟನೆ ನಿಂತಳು.

"ಅಯ್ಯ, ಥೇಟ ಹಿಂಗ ನೋಡ್ತಿದ್ದಾ," ಎಂದಳು. "ಭಾಜಿಗೆ ಉಪ್ಪ ಹೆಚ್ಚಾದಾಗ."

ಸಂಜೆ ಕಿಶೋರ ಹೇಳಿದ ಹಾಗೆ ಸ್ಟೇಜಿಗೆ ಕರೆದು ಶಾಲು ಹೊದಿಸಿದ. ಶುಭಾಂಗಿ ಶಾಲನ್ನು ಮಡಿಚಿ ಅವನ ಕೈಗೇ ಕೊಟ್ಟಳು. "ಇವು ಮನಿ ತುಂಬ ಆಗ್ಯಾವ್ರಿ. ಕಾಯಿ ಅಷ್ಟ ಕೊಡ್ರಿ, ಚಟ್ನಿಗೆ ಆಗ್ತೈತಿ."

ಬಾಳಪ್ಪ ಅವಳ ಹಣ ಎಣಿಸಿ ಕೊಟ್ಟ. ತಾನು ಮನೆಗೆ ಹೋಗುವಾಗ ಜೇಬಿನಲ್ಲಿದ್ದದ್ದು ಯಾರೋ ಕೊಟ್ಟ ಎಲೆ ಅಡಿಕೆ.

ಮರುದಿನ ಬೋರ್ಡು ಬರೆಯುವ ಜ್ಯೋತೆಪ್ಪನನ್ನು ಕರೆಸಿದ. ಎದುರಂಗಡಿಯವನು ಆಗಲೇ ಹೊಸ ಬೋರ್ಡು ಹಾಕಿದ್ದ: ಮಂಟಪದ ಜೊತೆ ರಂಗೋಲಿ, ವರಮಾಲೆ ಎರಡೂ ಮೋಫತ್. ಬಾಳಪ್ಪ ಅದನ್ನು ಓದಿ ರಸ್ತೆಗೆ ಉಗುಳಿದ.

ಜ್ಯೋತೆಪ್ಪ ಏಣಿ ಒರಗಿಸಿ ತನ್ನ ದರ ಹೇಳಿದ.

"ಏನಲೇ, ಒಂದ ಸಾಲ ಅಳಸಾಕ ಇಷ್ಟು..."

"ಏನಂದ್ರಿ, ಕಾಕಾ?"

ಬಾಳಪ್ಪ ಹಲ್ಲು ಕಡಿದ.

"ಏನಿಲ್ಲ. ಏಣಿ ಹತ್ತು."