ಗಾಜಿನ ನೆಲದ ಕೆಳಗೆ

ನಮ್ಮ ದ್ವೀಪದ ರಿಸಾರ್ಟಿನ ಏಳನೇ ನಂಬರ್ ಮನೆಗೆ ಒಂದು ರಾತ್ರಿಗೆ ಸಾವಿರದ ಎಂಟುನೂರು ಡಾಲರ್. ಊಟ ಸೇರಿದೆ, ಕುಡಿಯುವುದಕ್ಕೆ ಬೇರೆ. ಆ ಮನೆಯ ನೆಲ ಒರೆಸುವ ಕೆಲೆರಾಗೆ ಗಂಟೆಗೆ ಐದು ಡಾಲರ್. ಸಂತೆಯಲ್ಲಿ ಒಂದು ಗುಡ್ಡೆ ಮರಗೆಣಸಿಗೂ ಅಷ್ಟೇ. ಅವಳ ಗಂಡ, ನನ್ನ ತಮ್ಮ ಸೈರೂಸಿ ಸತ್ತಾಗ ರಿಸಾರ್ಟಿನಿಂದ ಬಂದದ್ದು ಒಂದು ಮೂಟೆ ಅಕ್ಕಿ, ಒಂದು ಡಬ್ಬ ಬಿಸ್ಕತ್ತು. "ಅವನು ಗುತ್ತಿಗೆದಾರನ ಆಳು, ನಮ್ಮವನಲ್ಲ" ಎಂದರು. ಗುತ್ತಿಗೆದಾರ ಆಗಲೇ ದೋಣಿ ಹತ್ತಿದ್ದ.

ನೀರಿನ ಮೇಲೆ ನಿಂತಿರುವ ಆ ಹನ್ನೆರಡು ಮನೆಗಳ ಕಂಬ ಹೂತವನು ಸೈರೂಸಿ. ಮನೆಗಳೆಲ್ಲ ಎದ್ದ ಮೇಲೆ ಏಳನೆಯದರ ಕಂಬ ಮತ್ತೊಮ್ಮೆ ಬಿಗಿಯಲು ಮುಳುಗಿದವನು ಮೇಲೆ ಬರಲಿಲ್ಲ. ಮೂರು ದಿನ ಹುಡುಕಿದೆವು. ಹೆಣವೂ ಸಿಗಲಿಲ್ಲ.

ನಮ್ಮಲ್ಲಿ ಇಂಥ ಸಾವಾದರೆ ಹವಳದ ದಿಬ್ಬಕ್ಕೂ ಸೂತಕ. ಅಲ್ಲೊಂದು ಗೂಟ ನೆಟ್ಟು ಕರಿ ಬಟ್ಟೆ ಕಟ್ಟುತ್ತೇವೆ. ನೂರು ದಿನ ಯಾರೂ ಬಲೆ ಬೀಸುವ ಹಾಗಿಲ್ಲ. ನೂರನೆಯ ದಿನ ಗೂಟ ಕಿತ್ತು, ಸಿಕ್ಕ ಮೀನಿನಲ್ಲಿ ಊರಿಗೆಲ್ಲ ಊಟ ಹಾಕಿ, ಹೆಂಡತಿಯ ಕರಿ ಬಟ್ಟೆ ಬಿಡಿಸುತ್ತೇವೆ. ಆಗ ಸತ್ತವನು ಹೊರಡುತ್ತಾನೆ. ಅದಕ್ಕೆ ಮೊದಲೇ ದಿಬ್ಬ ಕೆಡಿಸಿದರೆ ಅವನಿಗೆ ದಾರಿಯಿಲ್ಲ.

ಕೆಲಸಕ್ಕೆ ಹೂವಿನ ಅಂಗಿಯನ್ನೇ ಹಾಕಬೇಕು. ಕೆಲೆರಾ ಅದರೊಳಗೆ ಕರಿಯದನ್ನು ಹಾಕುತ್ತಿದ್ದಳು.

ಏಳನೇ ಮನೆಯ ನಡುವೆ ಗಾಜಿನ ನೆಲ. ಕೆಳಗೆ ಮೀನು ಕಾಣುತ್ತದೆ. ಅವಳು ಮೊಣಕಾಲೂರಿ ಒರೆಸುವಾಗ ಕೆಳಗಿನಿಂದ ಸದ್ದು ಬರುತ್ತಿತ್ತು. ನಾನು ಅಲ್ಲೇ ಬಟ್ಟೆ ಒಗೆಯುವವಳು. ಚಾದರ ಒಯ್ಯಲು ಹೋದಾಗ ನನಗೂ ಕೇಳಿಸಿತು. ಮೂರು ಏಟು, ಒಂದು ಉಸಿರು, ಮತ್ತೆ ಮೂರು ಏಟು.

"ಕಂಬ ಸಡಿಲ ಆಗಿರ್ಬೇಕು ಕಣೆ," ಎಂದೆ.

"ಅವರು ಬಿಗಿದ ಕಂಬ ಸಡಿಲ ಆಗಲ್ಲ ಅಕ್ಕ," ಎಂದಳು. ಒರೆಸುವ ಬಟ್ಟೆ ಬಿಟ್ಟು, ಬೆರಳ ಗೆಣ್ಣಿನಿಂದ ಗಾಜಿಗೆ ಮೂರು ಸಲ ಬಡಿದಳು. ಕೆಳಗಿನ ಸದ್ದು ನಿಂತಿತು.

ಅರವತ್ತೊಂದನೆಯ ದಿನ ಗೂಟ ಇರಲಿಲ್ಲ. ರಿಸಾರ್ಟಿನ ದೋಣಿಕಟ್ಟೆಯ ಮೇಲೆ ಬಣ್ಣದ ಫಲಕ ಎದ್ದಿತ್ತು: 'ಯಾರೂ ಮುಟ್ಟದ ದಿಬ್ಬ. ನಿಮ್ಮ ಊಟದ ಮೀನು ನೀವೇ ಹಿಡಿಯಿರಿ.' ಅತಿಥಿಗಳ ಎರಡು ದೋಣಿ ಆಗಲೇ ದಿಬ್ಬದ ಮೇಲಿದ್ದವು.

ರಿಸಾರ್ಟಿನ ಮುಂಬಾಗಿಲ ಮೇಜಿನ ಹಿಂದೆ ಕೂರುವ ಪೆನಿ ನಮ್ಮೂರಿನವನೇ. ನೇರ ಅವನ ಬಳಿಗೆ ಹೋದೆ.

"ಗೂಟ ಯಾರು ಕಿತ್ತಿದ್ದೋ?"

"ಮ್ಯಾನೇಜರ್ ಸಾಹೇಬ್ರು ಕೀಳ್ಸಿದ್ರು ಅಕ್ಕ. ಕೇಳೇ ಕೀಳ್ಸಿದ್ದು."

"ಯಾರನ್ನ ಕೇಳಿದ್ರು? ಸೈರೂಸಿನ?"

"ನಾಲ್ಕನೇ ದಿನ ರಿಸಾರ್ಟಿನ ಕಡೆಯಿಂದ ನಾವು ಒಂದು ಕಟ್ಟು ಯಂಗೋನಾ ತಂದಿಟ್ವಲ್ಲ, ದಿಬ್ಬ ಕೇಳೋಕೇ ಅದು. ನಮ್ಮೂರ ಯಜಮಾನ್ರು ಮುಟ್ಟಿದ್ರು, ಚಪ್ಪಾಳೆ ತಟ್ಟಿದ್ರು. ಅಲ್ಲಿಗೆ ಮುಗೀತಲ್ಲ."

ನಮ್ಮಲ್ಲಿ ಏನು ಕೇಳುವುದಿದ್ದರೂ ಯಂಗೋನಾ ಬೇರಿನ ಕಟ್ಟು ಮುಂದಿಟ್ಟೇ ಕೇಳುವುದು. ಅದನ್ನು ಮುಟ್ಟಿ ಚಪ್ಪಾಳೆ ತಟ್ಟಿದರೆ ಕೊಟ್ಟ ಹಾಗೆ. ಸಾವಿನ ಮನೆಗೂ ಅದೇ ಬೇರು ತರುತ್ತಾರೆ. ಅಂದು ಮೂವತ್ತು ಕಟ್ಟು ಬಂದಿದ್ದವು. ಯಜಮಾನರ ಕಣ್ಣು ತುಂಬಿತ್ತು. ಪೆನಿ ಚಾಪೆಯ ಮೂಲೆಯಲ್ಲಿ ತಲೆ ತಗ್ಗಿಸಿ ಏನೋ ಗೊಣಗಿದ್ದ. ದುಃಖದ ಮಾತು ಎಂದುಕೊಂಡೆವು.

"ನಿನ್ನ ಮೂಗು ಒರೆಸಿದ ಕೈ ಇದು. ಸಾವಿನ ಮನೇಲಿ ವ್ಯಾಪಾರ ಮಾಡಿದ್ಯಲ್ಲೋ!"

"ನಂಗೂ ಹೊಟ್ಟೆ ಇದೆ ಅಕ್ಕ."

"ಇದೆ, ಕಾಣ್ತಿದೆ. ಅಂಗಿ ಗುಂಡಿ ನಿಲ್ತಾ ಇಲ್ಲ."

ಯಜಮಾನರಾದ ರಾತು ವಿಲಿಸೋನಿ ಸುದ್ದಿ ಕೇಳಿ ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು. "ಈ ಕೈಯಾರೆ ಕೊಟ್ಬಿಟ್ನಲ್ಲ."

"ವಾಪಸ್ ಕೊಡೋಣ ದೊಡ್ಡಪ್ಪ," ಎಂದಳು ಕೆಲೆರಾ.

"ತಗೊಂಡ ಬೇರನ್ನ ಹಿಂದಕ್ಕೆ ಕೊಟ್ಟೋರು ನಮ್ಮ ವಂಶದಲ್ಲೇ ಇಲ್ಲ ಮಗಳೆ. ಅದೂ ಅಲ್ದೆ, ಅವತ್ತೇ ಕುಟ್ಟಿ ಕುಡಿದಾಯ್ತು."

"ಹಾಗಾದ್ರೆ ಕೊಂಡು ಕೊಡೋಣ. ಮೋಸ ಮಾಡಿದೋರೂ ನಮ್ಮ ವಂಶದಲ್ಲಿ ಇರ್ಲಿಲ್ಲ."

ಅಷ್ಟೇ ತೂಕದ ಕಟ್ಟಿಗೆ ಅರವತ್ತು ಡಾಲರ್. ರಿಸಾರ್ಟಿನಲ್ಲಿ ದುಡಿಯುವ ನಾವು ಹನ್ನೆರಡು ಹೆಂಗಸರು. ಒಬ್ಬೊಬ್ಬರೂ ಒಂದೊಂದು ಗಂಟೆಯ ಕೂಲಿ ಹಾಕಿದೆವು.

ಶನಿವಾರ ಮಧ್ಯಾಹ್ನ. ಪೆನಿ ಮತ್ತು ಮ್ಯಾನೇಜರ್ ಹೊಸದಾಗಿ ಬಂದ ಗಂಡಹೆಂಡಿರಿಗೆ ಏಳನೇ ಮನೆ ತೋರಿಸುತ್ತಿದ್ದರು.

"ಪಕ್ಕದ ದ್ವೀಪದಲ್ಲಿ ಈಜುಕೊಳ ದೊಡ್ಡದಿದೆ," ಎನ್ನುತ್ತಿದ್ದ ಗಂಡ.

"ಅಲ್ಲಿ ಮೀನೇ ಇಲ್ಲ. ಇಲ್ಲಿ ನೋಡಿ, ಕಾಲ ಕೆಳಗೇ ಎಷ್ಟೊಂದು! ಈ ಮನೇನೇ ತಗೊಳ್ಳೋಣ," ಎಂದಳು ಹೆಂಡತಿ.

ಹಲಗೆಯ ದಾರಿಯಲ್ಲಿ ನಾವು ನಡೆದು ಬಂದೆವು. ಹನ್ನೆರಡು ಹೆಂಗಸರು, ಮುಂದೆ ರಾತು ವಿಲಿಸೋನಿ. ಯಾರ ಮೈಮೇಲೂ ಹೂವಿನ ಅಂಗಿ ಇರಲಿಲ್ಲ. ಎಲ್ಲರದೂ ಕರಿ ಬಟ್ಟೆ. ಕೆಲೆರಾ ಬೇರಿನ ಕಟ್ಟನ್ನು ಗಾಜಿನ ಮೇಲಿಟ್ಟಳು.

"ನಿಮ್ಮ ಬೇರು ನಿಮಗೆ," ಎಂದರು ಯಜಮಾನರು. "ನಮ್ಮ ದಿಬ್ಬ ನಮಗೆ."

"ಇದೇನು?" ಆ ಹೆಂಗಸು ಕೇಳಿದಳು.

"ಏನಿಲ್ಲ ಮೇಡಂ, ಹಳ್ಳಿಯವರ ಪದ್ಧತಿ," ಎಂದ ಮ್ಯಾನೇಜರ್.

ಕೆಲೆರಾ ಅವಳ ಮುಖವನ್ನೇ ನೋಡಿದಳು. "ಮೀನು ನೋಡಿ ಮನೆ ಆರಿಸ್ತಿದ್ದೀರಿ ಮೇಡಂ. ಮೀನು ಯಾಕಿಷ್ಟಿದೆ ಅಂತ ಇವರು ಹೇಳಿಲ್ಲ. ಈ ಕಂಬ ನೆಟ್ಟ ನನ್ನ ಗಂಡ ಇಲ್ಲೇ ಕೆಳಗಿದಾರೆ. ಅವರಿಗೋಸ್ಕರ ನಾವು ಬಾಯಿ ಕಟ್ಟಿ ಬಿಟ್ಟ ಮೀನು ಇದು."

ಆಗ ಕೆಳಗಿನಿಂದ ಆ ಸದ್ದು ಬಂತು. ಮೂರು ಏಟು, ಒಂದು ಉಸಿರು, ಮೂರು ಏಟು. ಗಾಜಿನ ಮೇಲಿದ್ದ ಬೇರಿನ ಕಟ್ಟು ಅದುರಿತು.

ಆ ಹೆಂಗಸು ಗಾಜಿನಿಂದ ಕಾಲು ತೆಗೆದಳು.

"ಕಂಬ ಸಡಿಲ ಆಗಿದೆ, ರಿಪೇರಿ ಮಾಡಿಸ್ತೀವಿ," ಎಂದ ಮ್ಯಾನೇಜರ್. ಅದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ. ಅಂದು ಆಡಲಾಗಲಿಲ್ಲ. ಪೆನಿ ಮಾತ್ರ ಗೋಡೆಗೆ ಒರಗಿ ಬೆವರುತ್ತಿದ್ದ.

ಆ ಗಂಡಹೆಂಡಿರು ಪಕ್ಕದ ದ್ವೀಪಕ್ಕೆ ಹೋದರು. ದೋಣಿಮನೆಯಲ್ಲಿ ಬಿಸಾಡಿದ್ದ ಗೂಟವನ್ನು ಅಂದೇ ಹುಡುಕಿ ತಂದು ಮತ್ತೆ ನೆಟ್ಟೆವು. ಊರಿನ ಗಂಡಸರು ಸರದಿಯ ಮೇಲೆ ದೋಣಿಯಲ್ಲಿ ಕಾವಲು ಕೂತರು. ಒಬ್ಬ ಅತಿಥಿಯೂ ದಿಬ್ಬಕ್ಕೆ ಬರಲಿಲ್ಲ.

ಅತಿಥಿಗಳು ಕೆಡಿಸಿದ ದಿಬ್ಬದಲ್ಲಿ ನೂರನೆಯ ದಿನ ಬಲೆಗೆ ಬಿದ್ದದ್ದು ಹದಿನೇಳೇ ಮೀನು. ನೂರ ನಲವತ್ತು ಜನ ಚೂರು ಚೂರು ಹಂಚಿಕೊಂಡು ತಿಂದೆವು. ಕರಿ ಬಟ್ಟೆ ಬಿಡಿಸಲು ಹೋದರೆ ಕೆಲೆರಾ ನನ್ನ ಕೈ ಹಿಡಿದಳು. "ಅವರಿನ್ನೂ ಹೊರಟಿಲ್ಲ ಅಕ್ಕ."

ಹನ್ನೆರಡು ಹೆಂಗಸರ ಕೆಲಸ ಹೋಯಿತು. ದಿಬ್ಬ ಉಳಿಯಿತು. ಏಳನೇ ಮನೆಯ ಬಾಡಿಗೆ ನಾನೂರು ಡಾಲರ್ ಇಳಿದಿದೆ. ಸದ್ದು ನಿಂತಿಲ್ಲ.